ನಿಮಗಿದು ಗೊತ್ತೆ? ಪಹಣಿ ತಿದ್ದಲು ಬೆರಳಚ್ಚು ಬೇಕು!

ಒಂದು ಊರಿನ ಯಾವ ಸರ್ವೆ ನಂಬರಿನಲ್ಲಿ ಎಷ್ಟು ಗುಂಟೆ, ಖಾತೆ ಯಾರದು? ಒಂದು ಕಾಲದಲ್ಲಿ ಇದನ್ನು ತಿಳಿಯಲು ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ದಫ್ತರವೇ ಗತಿ. ರಾಜ್ಯದ ಸುಮಾರು 9,000 ಲೆಕ್ಕಿಗರ ಬಳಿ ಚದುರಿದ್ದ ಈ ಮಾಹಿತಿಯನ್ನು ಒಂದೆಡೆ ತಂದದ್ದು ಕಂದಾಯ ಇಲಾಖೆಯ 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೇರಿದವು; ಕೈಬರಹದ ಪಹಣಿಗೆ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಗೆ, ಮಾನ್ಯತೆ ಹೋಯಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಸೇರುತ್ತಿತ್ತು.

ನಿಜವಾದ ಜಾಣ್ಮೆ ಇರುವುದು ಈ ವ್ಯವಸ್ಥೆಯ ಒಳಗೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಬೇಕಾದವರ ಅರ್ಜಿಯನ್ನು ಮುಂದಕ್ಕೆ ಜಾರಿಸುವಂತಿಲ್ಲ. ತಿದ್ದುವ ಅಧಿಕಾರಿ ಬೆರಳಚ್ಚು ಕೊಟ್ಟೇ ತಂತ್ರಾಂಶದ ಒಳಹೋಗಬೇಕು, ಹಾಗಾಗಿ ತಿದ್ದಿದವರು ಯಾರೆಂಬುದು ದಾಖಲಾಗುತ್ತದೆ. ನೋಂದಣಿ ಇಲಾಖೆಯ 'ಕಾವೇರಿ' ತಂತ್ರಾಂಶವೂ ಇದಕ್ಕೆ ಜೋಡಣೆಯಾಗಿರುವುದರಿಂದ ಜಮೀನು ಮಾರಾಟದ ವಿವರ ಉಪನೋಂದಣಿ ಕಚೇರಿಯಿಂದ ನೇರವಾಗಿ 'ಭೂಮಿ'ಗೆ ಬರುತ್ತದೆ.

ಆದರೆ ಹಳೆಯ ಕೈಬರಹದ ತಪ್ಪುಗಳನ್ನು ಕಂಪ್ಯೂಟರ್ ತಾನಾಗಿ ಸರಿಪಡಿಸದು. ನಿಮ್ಮ ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.