ಕಾರಿನ ತಂಪಿನಲ್ಲಿ ಬೂಷ್ಟು

ರಾಯಚೂರಿನಲ್ಲಿ ನಿಂತು ಬೂಷ್ಟಿನ ಮಾತೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರೀತು. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ದಾಟುವ ಊರಿನಲ್ಲಿ ಅದಕ್ಕೆ ನೆಲೆಯೆಲ್ಲಿ? ಆದರೂ ಕೊಂಡು ವರ್ಷ ತುಂಬದ ಕಾರಿನಲ್ಲಿ ಕುಳಿತು ಏ.ಸಿ.ಯ ಗುಂಡಿಯನ್ನು ಒತ್ತಿದೊಡನೆ, ನೆನೆದ ಗೋಣಿಚೀಲದ ವಾಸನೆ ಮೂಗಿಗೆ ಬಡಿಯುವುದುಂಟು. ಅದು ಬಂದುದೆಲ್ಲಿಂದ? ಸರಿಪಡಿಸುವ ಹೊಣೆ ಯಾರದು? ಮೊದಲನೆಯ ಪ್ರಶ್ನೆಯನ್ನು ಬಿಡಿಸದೆ ಎರಡನೆಯದು ಬಿಡಿಸದು.

ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ನೀವೆಲ್ಲರೂ ಬಲ್ಲಿರಿ. ಕಾರಿನ ಮುಂಭಾಗದ ಹಲಗೆಯ ಹಿಂದೆ ಅಡಗಿರುವ ಬಾಷ್ಪೀಕಾರಕವು ಇಂಥದೇ ಒಂದು ತಂಬಿಗೆ; ಮೆಕ್ಯಾನಿಕರು ಇದನ್ನು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಇದರ ತೆಳುವಾದ ಲೋಹದ ರೆಕ್ಕೆಗಳು ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಕೆಲವೇ ಡಿಗ್ರಿ ಮೇಲಿರುತ್ತವೆ. ಅವುಗಳ ನಡುವೆ ಹಾಯುವ ಗಾಳಿ ತಣಿದಂತೆ ಅದರಲ್ಲಿರುವ ಆವಿ ನೀರಾಗಿ ಇಳಿಯುತ್ತದೆ.

ಎಷ್ಟು ನೀರು? ಮಳೆಗಾಲದಲ್ಲಿ 30 ಡಿಗ್ರಿ ಉಷ್ಣತೆಯ, ಶೇಕಡ 70 ಸಾಪೇಕ್ಷ ಆರ್ದ್ರತೆಯ ಗಾಳಿಯನ್ನು 5 ಡಿಗ್ರಿಗೆ ತಣಿಸಿದರೆ ಪ್ರತಿ ಘನಮೀಟರಿಗೆ ಸುಮಾರು 15 ಗ್ರಾಮ್ ನೀರು ದೊರೆಯುತ್ತದೆ. ಇನ್ನು 40 ಡಿಗ್ರಿಯ, ಶೇಕಡ 20 ಆರ್ದ್ರತೆಯ ಬೇಸಗೆಯ ಗಾಳಿ! ಅದರಿಂದಲೂ ಸುಮಾರು 4 ಗ್ರಾಮ್ ಇಳಿದೀತು. ಹೊರಗೆ ನೆಲ ಬಿರಿಯುತ್ತಿರುವಾಗಲೂ ಕಾರಿನೊಳಗೆ ಒಂದು ಪುಟ್ಟ ಮಳೆಗಾಲ ನಡೆದೇ ಇರುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ನಿಂತ ಮಾನ್ವಿಯ ಬತ್ತದ ಗದ್ದೆಗಳ ನಡುವೆ ಹೋಗುವವರಿಗೆ ಗಾಳಿಯ ತೇವ ಇನ್ನೂ ಹೆಚ್ಚು.

ಆದರೆ ನೀರೊಂದೇ ಸಾಲದು. ಬೂಷ್ಟಿನ ಬೀಜಾಣುಗಳು ಎಲ್ಲೆಡೆಯೂ ತೇಲುತ್ತಿವೆ. ಕ್ಲಾಡೊಸ್ಪೋರಿಯಮ್, ಆಸ್ಪರ್ಜಿಲಸ್, ಪೆನಿಸಿಲಿಯಮ್ ಮೊದಲಾದವು ಅವುಗಳಲ್ಲಿ ಪ್ರಮುಖ. ಅವಕ್ಕೆ ಆಹಾರವೂ ಬೇಕು. ದೇವದುರ್ಗದ ಎರೆಹೊಲಗಳ ಧೂಳು, ಹತ್ತಿಯ ಎಳೆ, ಪರಾಗ ಇವೆಲ್ಲ ರೆಕ್ಕೆಗಳಿಗೆ ಅಂಟಿ ಆ ಕೊರತೆಯನ್ನು ನೀಗುತ್ತವೆ. ನಮ್ಮ ಕಡೆಯ ಜೋಳದ ರೊಟ್ಟಿಯನ್ನೇ ನೋಡಿ. ಮೆತ್ತನೆಯ ರೊಟ್ಟಿಗೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಟ್ಟು ಒಂದೇ, ಬೀಜಾಣುಗಳೂ ಒಂದೇ, ವ್ಯತ್ಯಾಸವಿರುವುದು ತೇವದಲ್ಲಿ.

ಈ ಬೀಜಾಣುಗಳು ಉಬ್ಬಸವುಳ್ಳವರಿಗೆ ಕೆಮ್ಮು, ಏದುಸಿರುಗಳನ್ನು ತರಬಲ್ಲವು. ಆದಕಾರಣ ಸುಗಂಧದ ಡಬ್ಬಿಯನ್ನು ತೂಗುಹಾಕಿ ಸುಮ್ಮನಾಗುವುದು ತಕ್ಕುದಲ್ಲ. ಅದು ಕಮಟು ಎಣ್ಣೆಗೆ ಇಂಗಿನ ಒಗ್ಗರಣೆ ಕೊಟ್ಟಂತೆ.

ಈಗ ಹೊಣೆಯ ಮಾತು. ತಯಾರಕರ ವಾರಂಟಿ ಸಾಮಾನ್ಯವಾಗಿ ವಸ್ತುವಿನ ಹಾಗೂ ಕೆಲಸಗಾರಿಕೆಯ ದೋಷಗಳಿಗೆ ಮಾತ್ರ ಅನ್ವಯಿಸುತ್ತದೆ. ಧೂಳು ತುಂಬಿದ ಗಾಳಿಯ ಫಿಲ್ಟರನ್ನು ಬದಲಿಸುವ ಖರ್ಚು ಮಾಲೀಕನದೇ. ಇಳಿದ ನೀರು ಹೊರಹೋಗುವ ಕೊಳವೆಯನ್ನು ಕಾರ್ಖಾನೆಯಲ್ಲೇ ಮಡಿಸಿ ಕೂಡಿಸಿದ್ದರೆ? ಅದು ದೋಷ. ಪರೀಕ್ಷೆ ಸುಲಭ. ತೇವದ ದಿನ ಏ.ಸಿ.ಯನ್ನು ಹತ್ತಿಪ್ಪತ್ತು ನಿಮಿಷ ನಡೆಸಿ ಕಾರಿನಡಿ ನೋಡಿರಿ. ಹನಿ ಬೀಳದೆ, ಒಳಗೆ ಕಾಲ ಬಳಿಯ ಹಾಸು ಒದ್ದೆಯಾಗಿದ್ದರೆ ಕೊಳವೆಯಲ್ಲಿ ಅಡಚಣೆಯಿದೆಯೆಂದು ಸಂದೇಹಿಸಬಹುದು. ಅದು ಕಸವೋ ಮಡಿಕೆಯೋ ಎಂಬುದೇ ಹೊಣೆಯನ್ನು ನಿರ್ಣಯಿಸುವ ಅಂಶ. ಆದ್ದರಿಂದ ಕಂಡ ಕಾರಣವನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸದೆ ಕಾರನ್ನು ಮರಳಿ ತರಬಾರದು. ಅದಕ್ಕೂ ಮುನ್ನ ಬೇರೆ ಗ್ಯಾರೇಜಿನಲ್ಲಿ ಹಲಗೆಯನ್ನು ಬಿಚ್ಚಿಸಲೂ ಬಾರದು.

ಕೊಳವೆ ಸರಿಯಿದ್ದರೆ ಉಪಾಯ ಅಗ್ಗವಾದುದು. ಮಾನ್ವಿಯಿಂದ ಬರುವವರು ರಾಯಚೂರಿನ ಅಂಚು ತಲಪಿದಾಗ ಏ.ಸಿ.ಯನ್ನು ಆರಿಸಿ, ಬೀಸಣಿಗೆಯನ್ನು ಮಾತ್ರ ಐದಾರು ನಿಮಿಷ ನಡೆಯಗೊಟ್ಟರೆ ರೆಕ್ಕೆಗಳ ತೇವ ಬಹುಮಟ್ಟಿಗೆ ಆರುತ್ತದೆ. ದೋಷವಿದ್ದೂ ಮಾರಿದವರು ಕಿವಿಗೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ. ಜಿಲ್ಲಾ ಆಯೋಗಕ್ಕೆ ದೂರು ಕೊಡಲು, ಕಾರಣವುಂಟಾದ ದಿನದಿಂದ 2 ವರ್ಷಗಳ ಅವಧಿಯುಂಟು. ಜಾಬ್ ಕಾರ್ಡಿನ ಆ ಒಂದು ಸಾಲು ಅಲ್ಲಿ ಸಾಕ್ಷ್ಯವಾಗುತ್ತದೆ.