ಉತ್ತರಕ್ಕೆ ಹೋಗಿ ಅಮೆರಿಕ ಸೇರುವ ದಾರಿ

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಲ್ಲಿ ನಿಂತು ಅಮೆರಿಕ ಯಾವ ದಿಕ್ಕಿಗಿದೆ ಎಂದು ಕೇಳಿ ನೋಡಿ. ಹೆಚ್ಚಿನವರ ಕೈ ಪಶ್ಚಿಮಕ್ಕೆ, ಬಾಬಾಬುಡನ್‌ಗಿರಿ ಸಾಲಿನ ಕಡೆ ಹೋಗುತ್ತದೆ. ನ್ಯೂಯಾರ್ಕಿನ ಮಟ್ಟಿಗೆ ಅದು ಅರ್ಧ ಸರಿ. ಆದರೆ ನಮ್ಮ ಸಾಫ್ಟ್‌ವೇರ್ ಹುಡುಗರು ಹೆಚ್ಚಾಗಿ ಸೇರಿಕೊಂಡಿರುವ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಊರುಗಳಿಗೆ ಹತ್ತಿರದ ದಿಕ್ಕು ಬಹುತೇಕ ಉತ್ತರ, ಪೂರ್ವಕ್ಕೆ ಚೂರು ವಾಲಿದ ಉತ್ತರ.

ನಂಬಿಕೆ ಬರದಿದ್ದರೆ ಶಾಲೆಯ ಗ್ಲೋಬ್ ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಒತ್ತಿ ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಟಿಬೆಟ್, ಮಂಗೋಲಿಯ, ಸೈಬೀರಿಯ ಹತ್ತಿ, ಆರ್ಕ್ಟಿಕ್ ಸಮುದ್ರದಂಚಿಗೆ ಹೋಗಿ ಅಲಾಸ್ಕದ ಮೇಲೆ ಇಳಿಯುತ್ತದೆ. ಈ ದಾರಿ ಸುಮಾರು 13,990 ಕಿ.ಮೀ. ಗೋಡೆಯ ನಕ್ಷೆಯಲ್ಲಿ ಸ್ಕೇಲಿಟ್ಟು ಪೂರ್ವಕ್ಕೆ ಗೆರೆ ಎಳೆದು ಅದರ ಮೇಲೇ ಹಾರಿದರೆ 16,100 ಕಿ.ಮೀ. ದಾಟುತ್ತದೆ. ದುಂಡನೆಯ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹಚ್ಚಿದಾಗ ಧ್ರುವದ ಕಡೆಯ ಜಾಗವೆಲ್ಲ ಹಿಗ್ಗುವುದರಿಂದ ಈ ಮೋಸ.

ಹಾಗಂತ ವಿಮಾನ ದಾರದ ಮೇಲೇ ಹೋಗುತ್ತದೆಯೇ? ಇಲ್ಲ. ಒಂದು ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೆಲವೇ ನಿಮಿಷಗಳಲ್ಲಿ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಜನ ಮಾಸ್ಕ್ ಇಲ್ಲದೆ ನಿರಾಳವಾಗಿ ಉಸಿರಾಡುವುದು ಅಲ್ಲಿಂದ ಕೆಳಗೇ. ಟಿಬೆಟ್‌ನಲ್ಲಿ ನೆಲವೇ ನಾಲ್ಕು ಕಿ.ಮೀ. ಮೇಲಿದೆ! ಇಳಿಯುವುದೆಲ್ಲಿಗೆ? ಹೀಗಾಗಿ ಸುತ್ತಿ ಹೋಗುವುದೇ ಸಾಮಾನ್ಯ.

ಇನ್ನೊಂದು ಲೆಕ್ಕ ಗಾಳಿಯದು. ನಡು ಅಕ್ಷಾಂಶಗಳಲ್ಲಿ, ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದುಂಟು. ಹೋಗುವಾಗ ಬೆನ್ನಿಗೆ ಬಿದ್ದರೆ ಲಾಭ, ಬರುವಾಗ ಎದುರಾದರೆ ಇಂಧನ ಖಾಲಿ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ದಾರಿ ಹಿಡಿದದ್ದರ ಮರ್ಮ ಇಲ್ಲಿದೆ. ಧ್ರುವದ ನೆತ್ತಿಯ ಮೇಲೆಯೇ ಹಾದರೂ ದೂರ ಸುಮಾರು 14,370 ಕಿ.ಮೀ., ದಾರಕ್ಕಿಂತ ನಾನೂರು ಕಿ.ಮೀ.ಯೂ ಹೆಚ್ಚಿಲ್ಲ, ಎದುರುಗಾಳಿಯ ಕಾಟ ಮಾತ್ರ ಕಡಿಮೆ. ಬೋಯಿಂಗ್ 777 ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್; ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. (ಧ್ರುವದ ಬಳಿ ಕಾಂತದ ದಿಕ್ಸೂಚಿ ನೆಚ್ಚುವಂತಿಲ್ಲ, ರೆಕ್ಕೆಯೊಳಗಿನ ಇಂಧನ ಹೆಪ್ಪುಗಟ್ಟದಂತೆ ಅದರ ಉಷ್ಣತೆಯ ಮೇಲೆ ಕಣ್ಣಿಟ್ಟಿರಬೇಕು.)

ಎದುರುಗಾಳಿ ಕಡಿಮೆಯಾದರೂ ಆ ಪಯಣಕ್ಕೆ ಹದಿನೇಳು ಗಂಟೆಯ ಮೇಲೆ ಹಿಡಿಯಿತು. ಆಗಿನ ವೇಳಾಪಟ್ಟಿಯಲ್ಲಿ ಹೋಗುವ ಪಯಣಕ್ಕೆ ಹದಿನಾರು ಗಂಟೆ ಇತ್ತು. ಕೈಗಡಿಯಾರವಂತೂ ಎರಡನ್ನೂ ಬೇರೆಯೇ ತೋರಿಸುತ್ತದೆ. ಚಳಿಗಾಲದಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದೆ. ಆಗ ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟ ವಿಮಾನ ಅದೇ ದಿನ ಸಂಜೆ ಐದಕ್ಕೆ ಅಲ್ಲಿಳಿಯುತ್ತಿತ್ತು, ಎರಡೂವರೆ ಗಂಟೆಯ ಪ್ರಯಾಣವೇನೋ ಎಂಬಂತೆ. ಬರುವಾಗ ಉಲ್ಟಾ: ಆ ಮೊದಲ ವಿಮಾನವನ್ನು 9ರ ರಾತ್ರಿ ಎಂಟೂವರೆಗೆ ಹತ್ತಿದವರು ಇಳಿದದ್ದು 11ರ ಬೆಳಗಿನ ಜಾವ. ಮಕ್ಕಳನ್ನು ಕರೆತರಲು ಊರಿಂದ ಕಾರು ಕಳಿಸುವವರು ಟಿಕೆಟ್ಟಿನಲ್ಲಿ ಇಳಿಯುವ ತಾರೀಕನ್ನೇ ನೋಡಬೇಕು. 11ರ ಜಾವಕ್ಕೆ ಏರ್‌ಪೋರ್ಟಿನಲ್ಲಿರಬೇಕಾದರೆ 10ರ ರಾತ್ರಿಯೇ ಕಡೂರು ದಾಟಿರಬೇಕು.