ಅಡ್ಡ ಮಲಗಿದ ಟ್ಯಾಂಕಿನಲ್ಲಿ ನೀರೆಷ್ಟು?

ನಿಮ್ಮ ಮನೆಯ ತಾರಸಿಯಲ್ಲೋ ಮೊಹಲ್ಲಾದ ಮಸೀದಿಯ ಮೇಲೋ ಡ್ರಮ್ಮಿನಂತೆ ಅಡ್ಡ ಮಲಗಿಸಿದ ನೀರಿನ ಟ್ಯಾಂಕ್ ಇರಬಹುದು. ಕುಡಿಯಲು, ಅಡುಗೆಗೆ, ವುಝೂವಿಗೆ ಎಲ್ಲಕ್ಕೂ ಅದೇ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತುಂಬಿಸಿದಾಗ, ಮಳೆಗಾಲದಲ್ಲಿ ವಾಂತಿಭೇದಿ ಹರಡಿದಾಗ ಅದಕ್ಕೆ ಬ್ಲೀಚಿಂಗ್ ಪುಡಿ ಹಾಕುತ್ತೇವೆ. ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ. ಹೆಚ್ಚಾದರೆ ವಾಸನೆಗೆ ಮಕ್ಕಳು ನೀರನ್ನೇ ಮುಟ್ಟುವುದಿಲ್ಲ. ಆದ್ದರಿಂದ ಮೊದಲು ತಿಳಿಯಬೇಕಾದದ್ದು, ಒಳಗೆ ನೀರೆಷ್ಟಿದೆ ಎಂಬುದು.

ನೆಟ್ಟಗೆ ನಿಂತ ಟ್ಯಾಂಕಿನಲ್ಲಿ ಕಾಲು ಎತ್ತರಕ್ಕೆ ನೀರಿದ್ದರೆ ಕಾಲು ಟ್ಯಾಂಕ್ ನೀರು. ಅಡ್ಡ ಮಲಗಿದ ಟ್ಯಾಂಕ್ ಹಾಗಲ್ಲ. ಅದು ತಳದಲ್ಲಿ ಕಿರಿದು, ನಡುವೆ ಅಗಲ, ಮೇಲೆ ಮತ್ತೆ ಕಿರಿದು. ಸರಿಯಾಗಿ ಅರ್ಧಕ್ಕೆ ನಿಂತಾಗ ಮಾತ್ರ ಎತ್ತರವೂ ನೀರೂ ಹೊಂದುತ್ತವೆ. ಅರ್ಧಕ್ಕಿಂತ ಕೆಳಗೆ ನೀರು ನಾವೆಣಿಸಿದ್ದಕ್ಕಿಂತ ಕಡಿಮೆ, ಮೇಲೆ ಹೆಚ್ಚು.

ಮೊದಲು ಟ್ಯಾಂಕಿನ ಒಳ ವ್ಯಾಸ ಮತ್ತು ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 0.785ರಿಂದ ಗುಣಿಸಿ, 1000ದಿಂದ ಭಾಗಿಸಿ. ತುಂಬಿದ ಟ್ಯಾಂಕಿನ ಲೀಟರ್ ಸಿಗುತ್ತದೆ. ಬಳಿಕ ಶುಚಿಯಾದ ಕೋಲನ್ನು ತಳ ಮುಟ್ಟುವಂತೆ ನೇರವಾಗಿ ಇಳಿಸಿ, ನೆನೆದ ಎತ್ತರ ವ್ಯಾಸದ ಶೇಕಡಾ ಎಷ್ಟೆಂದು ನೋಡಿ:

ಎತ್ತರ ಶೇ. 10 – ನೀರು ಶೇ. 5
ಎತ್ತರ ಶೇ. 25 – ನೀರು ಶೇ. 20
ಎತ್ತರ ಶೇ. 40 – ನೀರು ಶೇ. 37
ಎತ್ತರ ಶೇ. 50 – ನೀರು ಶೇ. 50
ಎತ್ತರ ಶೇ. 60 – ನೀರು ಶೇ. 63
ಎತ್ತರ ಶೇ. 75 – ನೀರು ಶೇ. 80
ಎತ್ತರ ಶೇ. 90 – ನೀರು ಶೇ. 95

ಉದಾಹರಣೆಗೆ, 120 ಸೆಂ.ಮೀ. ವ್ಯಾಸ, 180 ಸೆಂ.ಮೀ. ಉದ್ದದ ಟ್ಯಾಂಕಿಗೆ ಸುಮಾರು 2,035 ಲೀಟರ್ ಹಿಡಿಯುತ್ತದೆ. ಕೋಲು 30 ಸೆಂ.ಮೀ. ನೆನೆದರೆ ಒಳಗಿರುವುದು 500 ಅಲ್ಲ, ಸುಮಾರು 400 ಲೀಟರ್. 12 ಸೆಂ.ಮೀ. ನೆನೆದರೆ 200 ಅಲ್ಲ, ಬರೀ 100ರ ಆಸುಪಾಸು. ಅಂದಾಜಿನಲ್ಲಿ ಪುಡಿ ಹಾಕಿದರೆ ಎರಡು ಪಟ್ಟು ಬಿದ್ದಿತು!

ತಿಳಿಯಾದ ನೀರಿಗೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಇಷ್ಟು ಸಣ್ಣ ತೂಕ ಮನೆಯಲ್ಲಿ ಕಷ್ಟ. ಆದ್ದರಿಂದ 10 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ 1 ಲೀಟರ್ ನೀರಿಗೆ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ತೆಗೆದುಕೊಳ್ಳಿ. ಟ್ಯಾಂಕಿನ ಪ್ರತಿ 100 ಲೀಟರಿಗೆ ಈ ತಿಳಿ 25 ಮಿ.ಲೀ. ಹಾಕಿ ಕಲಸಿ, ಒಂದು ಗಂಟೆ ಬಿಟ್ಟು ಬಳಸಿ. ಪುಡಿಯನ್ನು ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ನೀರು ಕೆಂಪಗೆ ಕದಡಿದ್ದರೆ ಈ ಅಳತೆ ಸಾಲದು. ಮೊದಲು ತಿಳಿಯಾಗಲು ಬಿಡಿ.

ಈ ಲೆಕ್ಕ ದಿನವೂ ಬೇಡ. ಹತ್ತನೆಯ ತರಗತಿಯ ಮಕ್ಕಳಿದ್ದರೆ ಅವರ ಪಾಠದ ವೃತ್ತಖಂಡ ಇದೇ. ಅವರಿಂದಲೇ ಒಮ್ಮೆ ಲೆಕ್ಕ ಮಾಡಿಸಿ, ಕೋಲಿನ ಮೇಲೆ ಲೀಟರ್ ಗುರುತು ಕೊರೆಸಿ, ಟ್ಯಾಂಕಿನ ಪಕ್ಕ ತೂಗುಹಾಕಿ. ಮುಂದೆ ಮನೆಯಲ್ಲಿ ಯಾರು ಕೋಲು ಇಳಿಸಿದರೂ ಸರಿಯಾದ ಉತ್ತರವೇ ಸಿಗುತ್ತದೆ.